ಡೀಬಗ್‌ನಿಂದ ರಿಲೀಸ್‌ಗೆ: ಗಂಗಾವತಿಯ ಅಕ್ಕಿ ಗಿರಣಿಯೊಂದರ ತಂತ್ರಾಂಶದ ಸಂರಚನೆಯನ್ನು ಬೇರ್ಪಡಿಸಿದ ಅನುಭವ

ಗಂಗಾವತಿ, ಕಾರಟಗಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಬೆಳೆದ ಭತ್ತ ಗಿರಣಿಗೆ ಬಂದಿತೆಂದರೆ ಅದರ ಜೊತೆಗೆ ದೊಡ್ಡ ಲೆಕ್ಕವೊಂದು ಬರುತ್ತದೆ. ಲಾರಿಯ ತುಂಬಿದ ತೂಕ, ಖಾಲಿ ತೂಕ, ತೇವಾಂಶ, 75 ಕಿಲೋ ಚೀಲಕ್ಕೆ ಕುದುರಿದ ದರ, ಹಮಾಲಿ, ದಲಾಲರ ಕಮಿಷನ್, ರೈತ ಮೊದಲೇ ಪಡೆದಿದ್ದ ಮುಂಗಡ, ಇವೆಲ್ಲ ಸೇರಿ ಕೊನೆಗೆ ಒಂದು ಪಟ್ಟಿಯಾಗುತ್ತದೆ. ಆ ಪಟ್ಟಿಯನ್ನು ತಯಾರಿಸಿ, ಅದರ ಸಾರಾಂಶವನ್ನು ಎಸ್‌ಎಂಎಸ್ ಮೂಲಕ ರೈತರ ಮೊಬೈಲಿಗೆ ಕನ್ನಡದಲ್ಲಿಯೇ ಕಳುಹಿಸುವ ವೆಬ್ ಅಪ್ಲಿಕೇಶನ್ ಒಂದರ ನಿರ್ವಹಣೆಯನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ನನ್ನ ಗಣಕದಲ್ಲಿ ಅಭಿವೃದ್ಧಿಪಡಿಸುವಾಗ ಬೇಕಾಗುವ ಸೆಟ್ಟಿಂಗ್‌ಗಳಿಗೂ ಗಿರಣಿಯ ಸರ್ವರ್‌ನಲ್ಲಿ ನಿಜವಾದ ವ್ಯವಹಾರ ನಡೆಯುವಾಗ ಬೇಕಾಗುವ ಸೆಟ್ಟಿಂಗ್‌ಗಳಿಗೂ ಇರುವ ವ್ಯತ್ಯಾಸವನ್ನು, ಯಾರ ನೆನಪಿಗೂ ಬಿಡದೆ, ಕ್ರಮವಾದ ಬರಹಕ್ಕೆ ಇಳಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಪ್ಲಿಕೇಶನ್ ಬೇರೊಬ್ಬರು ಮೈಕ್ರೋಸಾಫ್ಟ್‌ನ ವೆಬ್ ತಂತ್ರಾಂಶ ಚೌಕಟ್ಟಾದ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಬರೆದಿದ್ದುದು. ನನ್ನ ಕೈಗೆ ಬಂದಾಗ ಅದರಲ್ಲಿ ವೆಬ್.ಕಾನ್ಫಿಗ್ ಎಂಬ ಸಂರಚನಾ ಕಡತ ಒಂದೇ ಇತ್ತು. ಹೊಸ ಆವೃತ್ತಿಯನ್ನು ಸರ್ವರ್‌ಗೆ ನಕಲು ಮಾಡಿದ ಮೇಲೆ ಆ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಡೇಟಾಬೇಸ್‌ನ ಕನೆಕ್ಷನ್ ಸ್ಟ್ರಿಂಗ್ (ಯಾವ ಡೇಟಾಬೇಸ್‌ಗೆ ಹೇಗೆ ಸೇರಬೇಕೆಂಬ ಸಾಲು) ಬದಲಿಸಿ, ದೋಷ ಹುಡುಕಲು ನೆರವಾಗುವ ಡೀಬಗ್ ಎಂಬ ಗುಣವನ್ನು ಆಫ್ ಮಾಡಿ, ಸಂದೇಶಗಳನ್ನು ಮೊಬೈಲ್ ಜಾಲಕ್ಕೆ ದಾಟಿಸುವ ಎಸ್‌ಎಂಎಸ್ ಗೇಟ್‌ವೇಯ ವಿಳಾಸ ತಿದ್ದಿ ಉಳಿಸುವುದು ವಾಡಿಕೆಯಾಗಿತ್ತು. ಏನೇನು ಬದಲಿಸಬೇಕೆಂಬುದು ಗಿರಣಿಯ ಕಚೇರಿಯ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿತ್ತು. ಹೊಸ ಸೆಟ್ಟಿಂಗ್ ಸೇರಿದಾಗಲೆಲ್ಲ ನೋಟ್‌ಬುಕ್ಕಿಗೂ ಅದು ಸೇರಿದೆ ಎಂಬುದಕ್ಕೆ ಖಾತರಿ ಇರಲಿಲ್ಲ.

ಈ ವಾಡಿಕೆಯಲ್ಲಿ ಮರೆವಿನ ಅಪಾಯಕ್ಕಿಂತ ತಕ್ಷಣದ ತೊಂದರೆಯೊಂದಿತ್ತು. ವೆಬ್.ಕಾನ್ಫಿಗ್ ಕಡತ ಬದಲಾದುದನ್ನು ಎಎಸ್‌ಪಿ ಡಾಟ್ ನೆಟ್ ಗಮನಿಸುತ್ತಲೇ ಇರುತ್ತದೆ. ಉಳಿಸಿದ ಕೂಡಲೇ ಅಪ್ಲಿಕೇಶನ್ ಮರುಪ್ರಾರಂಭವಾಗುತ್ತದೆ, ಮತ್ತು ಸರ್ವರ್‌ನ ಸ್ಮೃತಿಯಲ್ಲಿ ಇಟ್ಟಿದ್ದ ಸೆಷನ್‌ಗಳೆಲ್ಲ (ಲಾಗಿನ್ ಆದವರ ತಾತ್ಕಾಲಿಕ ಮಾಹಿತಿ) ಅಳಿಸಿಹೋಗುತ್ತವೆ. ಮುಂಗಾರು ಬೆಳೆಯ ಕೊಯ್ಲು ನಡೆಯುವ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಗಿರಣಿಯ ಗೇಟಿನ ಹೊರಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿರುತ್ತವೆ. ಆಗ ವೇಬ್ರಿಡ್ಜ್ ಕೋಣೆಯ ಗುಮಾಸ್ತರು ತುಂಬಿದ ತೂಕವನ್ನು ದಾಖಲಿಸಿ ಖಾಲಿ ತೂಕಕ್ಕಾಗಿ ಕಾಯುತ್ತಿರುವಾಗ, ಒಳಗಿನ ಕೋಣೆಯಲ್ಲಿ ಯಾರೋ ಒಂದು ಸಾಲು ತಿದ್ದಿದರೆಂದು ಅವರ ಪರದೆಯ ಮೇಲೆ ಮತ್ತೆ ಲಾಗಿನ್ ಪುಟ ಬರುವುದು ನ್ಯಾಯವಲ್ಲ. ಆದ್ದರಿಂದ ಸರ್ವರ್‌ನಲ್ಲಿ ಕುಳಿತು ಕಡತವನ್ನು ತಿದ್ದುವುದೇ ಬೇಡ, ಸರ್ವರ್‌ಗೆ ಹೋಗುವ ಕಡತ ಹೋಗುವ ಮೊದಲೇ ಸರಿಯಾಗಿರಬೇಕು ಎಂದು ತೀರ್ಮಾನಿಸಿದೆ.

ಮೊದಲ ಕೆಲಸವಾಗಿ ಸರ್ವರ್‌ನಲ್ಲಿದ್ದ ವೆಬ್.ಕಾನ್ಫಿಗನ್ನೂ ನನ್ನ ಗಣಕದಲ್ಲಿದ್ದುದನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದೆ. ಸಂರಚನೆಯನ್ನು ತಾನಾಗಿ ಬದಲಿಸಿಕೊಡುವ ಟ್ರಾನ್ಸ್‌ಫಾರ್ಮ್ ಮುಂತಾದ ಉಪಕರಣಗಳಿಗೆ ಕೈ ಹಾಕುವ ಮುನ್ನ ಈ ಹೋಲಿಕೆಗೆ ಸಮಯ ಕೊಡುವುದು ಅತ್ಯಗತ್ಯವೆಂದು ನನ್ನ ನಂಬಿಕೆ, ಏಕೆಂದರೆ ಎರಡು ಕಡತಗಳ ನಡುವಿನ ವ್ಯತ್ಯಾಸಗಳೆಲ್ಲ ಒಂದೇ ಜಾತಿಯವಲ್ಲ. ಕನೆಕ್ಷನ್ ಸ್ಟ್ರಿಂಗ್‌ನಂಥವು ಬೇರೆಯಾಗಿರಲೇಬೇಕಾದವು. ಇನ್ನು ಕೆಲವು ಯಾರೋ ಯಾವಾಗಲೋ ತಿದ್ದಿ ಬಿಟ್ಟ ಕಾರಣಕ್ಕೆ ಬೇರೆಯಾಗಿದ್ದವು. ಅಪ್‌ಲೋಡ್ ಮಾಡಬಹುದಾದ ಕಡತದ ಗರಿಷ್ಠ ಗಾತ್ರ ಸರ್ವರ್‌ನಲ್ಲಿ ಮಾತ್ರ ಹೆಚ್ಚಾಗಿತ್ತು; ಆ ಹೆಚ್ಚಳ ಮೂಲ ಯೋಜನೆಗೆ ಮರಳಿ ಬಂದೇ ಇರಲಿಲ್ಲ. ಇಂಥವನ್ನು ಒಂದೊಂದಾಗಿ ವಿಚಾರಿಸಿ, ಸರಿಯಾದ ಮೌಲ್ಯವನ್ನು ಮೂಲ ಕಡತಕ್ಕೆ ತಂದು, ವ್ಯತ್ಯಾಸವನ್ನೇ ಇಲ್ಲವಾಗಿಸಿದೆ.

ಎರಡು ಕಡತಗಳಲ್ಲಿಯೂ ಬರೆಯದೇ ಬಿಟ್ಟಿದ್ದರಿಂದ ಹುಟ್ಟಿದ ವ್ಯತ್ಯಾಸವೊಂದೂ ಇತ್ತು, ಅದು ದಿನಾಂಕದ್ದು. ನನ್ನ ಗಣಕದ ವಿಂಡೋಸ್‌ನಲ್ಲಿ ಭಾರತದ ಪ್ರಾದೇಶಿಕ ಸೆಟ್ಟಿಂಗ್ ಇತ್ತು, ಸರ್ವರ್ ಅಮೆರಿಕದ ಸೆಟ್ಟಿಂಗ್‌ನಲ್ಲಿತ್ತು. ಕಾನ್ಫಿಗ್‌ನಲ್ಲಿ ಏನನ್ನೂ ಹೇಳದಿದ್ದರೆ ಅಪ್ಲಿಕೇಶನ್ ತಾನಿರುವ ಗಣಕದ ಪದ್ಧತಿಯನ್ನೇ ಹಿಡಿಯುತ್ತದೆ. ಹಾಗಾಗಿ 05-11 ಎಂದು ಗುಮಾಸ್ತರು ಬರೆದ ದಿನ ಇಲ್ಲಿ ನವೆಂಬರ್ 5 ಆದರೆ ಅಲ್ಲಿ ಮೇ 11 ಆಗುವ ಸಾಧ್ಯತೆ ಇತ್ತು. ಸರ್ವರ್‌ನಲ್ಲಿ ಹಿಂದಿನವರು ಕೋಡ್‌ನ ಅಲ್ಲಲ್ಲಿ ದಿನ, ತಿಂಗಳುಗಳನ್ನು ಬಿಡಿಸಿ ಜೋಡಿಸಿ ಇದನ್ನು ನಿಭಾಯಿಸಿದ್ದರು. ಗ್ಲೋಬಲೈಸೇಶನ್ ಎಂಬ ಅಂಶದಲ್ಲಿ ಕಲ್ಚರ್ ಮೌಲ್ಯವನ್ನು ಭಾರತದ ಕನ್ನಡಕ್ಕೆ ನಿಗದಿಪಡಿಸಿ ಮೂಲ ವೆಬ್.ಕಾನ್ಫಿಗ್‌ನಲ್ಲಿಯೇ ಬರೆದೆ. ದಿನಾಂಕ ಎರಡೂ ಕಡೆ ಒಂದೇ ಆಯಿತು. ಮೊತ್ತಗಳೂ ಲಕ್ಷದ ಲೆಕ್ಕದಲ್ಲಿ, 1,00,000 ಎಂದು, ಅಲ್ಪವಿರಾಮ ಹಾಕಿಕೊಂಡು ಬರತೊಡಗಿದವು. ಎರಡು ಜಾಗದಲ್ಲೂ ಒಂದೇ ಆಗಿರಬೇಕಾದುದನ್ನು ಸ್ಪಷ್ಟವಾಗಿ ಬರೆದಿಡುವುದೂ ಈ ಕೆಲಸದ ಭಾಗವೇ ಎಂದು ನಾನು ಎಣಿಸುತ್ತೇನೆ.

ಕಾನ್ಫಿಗ್‌ನಲ್ಲಿ ಇರಲೇಬಾರದ ಮೌಲ್ಯಗಳೂ ಅಲ್ಲಿದ್ದವು. 2022ರ ಜುಲೈ 18ರಿಂದ ಲೇಬಲ್ ಇರುವ, 25 ಕಿಲೋವರೆಗಿನ ಅಕ್ಕಿ ಪ್ಯಾಕೆಟ್‌ಗೆ ಶೇಕಡಾ 5 ಜಿಎಸ್‌ಟಿ ಬಂದಿತು. ನಮ್ಮ ಕಡೆಯ ಗಿರಣಿಗಳು 26 ಕಿಲೋ ಚೀಲಗಳನ್ನು ಹೊಲಿಯಲು ಆರಂಭಿಸಿದ್ದು ಆಮೇಲೆ. ಆ ದರವೂ ಆ ತೂಕದ ಮಿತಿಯೂ ಆಪ್‌ಸೆಟ್ಟಿಂಗ್ಸ್ ವಿಭಾಗದಲ್ಲಿ ಕುಳಿತಿದ್ದವು. ತೆರಿಗೆಯ ದರ ದಿನಾಂಕಕ್ಕೆ ತಕ್ಕಂತೆ ಬದಲಾಗುತ್ತದೆಯೇ ಹೊರತು ಅಭಿವೃದ್ಧಿಯ ಗಣಕದಿಂದ ಸರ್ವರ್‌ಗೆ ಹೋದಾಗ ಬದಲಾಗುವುದಿಲ್ಲ. ಸರ್ಕಾರಿ ಖರೀದಿಯಲ್ಲಿ ಭತ್ತದ ತೇವಾಂಶಕ್ಕೆ ಇರುವ ಶೇಕಡಾ 17ರ ಮಿತಿಯೂ ಹಾಗೆಯೇ. ಇವುಗಳನ್ನು, ಜಾರಿಗೆ ಬಂದ ದಿನಾಂಕದ ಸಮೇತ, ಡೇಟಾಬೇಸ್‌ನ ಕೋಷ್ಟಕಕ್ಕೆ ಸಾಗಿಸಿದೆ. ಇಷ್ಟಾದ ಮೇಲೆ ನಿಜವಾಗಿಯೂ ಬೇರೆಯಾಗಿರಬೇಕಾದ ಸೆಟ್ಟಿಂಗ್‌ಗಳು ಒಂದು ಪುಟಕ್ಕಿಂತ ಕಡಿಮೆಯಾಗಿದ್ದವು.

ಇವುಗಳಿಗಾಗಿ, ಕೋಡ್ ಬರೆಯಲು ಬಳಸುವ ವಿಷುವಲ್ ಸ್ಟುಡಿಯೋದ 2010ರ ಆವೃತ್ತಿಯಿಂದ ಲಭ್ಯವಿರುವ ಟ್ರಾನ್ಸ್‌ಫಾರ್ಮ್ ವ್ಯವಸ್ಥೆಯನ್ನು ಬಳಸಿದೆ. ಅದರಲ್ಲಿ ವೆಬ್.ಕಾನ್ಫಿಗ್ ಮೂಲ ಕಡತವಾಗಿ ಉಳಿಯುತ್ತದೆ, ವೆಬ್.ಡೀಬಗ್.ಕಾನ್ಫಿಗ್ ಮತ್ತು ವೆಬ್.ರಿಲೀಸ್.ಕಾನ್ಫಿಗ್ ಎಂಬ ಎರಡು ಕಡತಗಳು ಅದರ ಕೆಳಗೆ ಸೇರುತ್ತವೆ. ಡೀಬಗ್ ಎಂದರೆ ದೋಷ ಹುಡುಕುತ್ತ ಅಭಿವೃದ್ಧಿಪಡಿಸುವಾಗಿನ ಬಗೆ, ರಿಲೀಸ್ ಎಂದರೆ ಬಿಡುಗಡೆಯ ಬಗೆ. ಈ ಎರಡರಲ್ಲಿ ಪೂರ್ಣ ಸಂರಚನೆ ಇರುವುದಿಲ್ಲ. ಪುಸ್ತಕದ ಕೊನೆಯಲ್ಲಿ ಹಾಕುವ ಒಪ್ಪೋಲೆಯಂತೆ, ಮೂಲದಲ್ಲಿ ಎಲ್ಲಿ ಏನನ್ನು ಬದಲಿಸಿ ಓದಬೇಕೆಂಬ ಸೂಚನೆ ಮಾತ್ರ ಇರುತ್ತದೆ. ಕನೆಕ್ಷನ್ ಸ್ಟ್ರಿಂಗ್‌ನ ಉದಾಹರಣೆಯನ್ನೇ ನೋಡಬಹುದು. ರಿಲೀಸ್ ಕಡತದಲ್ಲಿ ಆಡ್ ಎಂಬ ಅಂಶವನ್ನು ಅದೇ ಹೆಸರಿನಿಂದ, ಹೊಸ ಸ್ಟ್ರಿಂಗ್‌ನೊಂದಿಗೆ ಬರೆದು, ಅದಕ್ಕೆ ಟ್ರಾನ್ಸ್‌ಫಾರ್ಮ್‌ಗೆ ಮೀಸಲಾದ ಎಕ್ಸ್‌ಡಿಟಿ ನೇಮ್‌ಸ್ಪೇಸ್‌ನ (ಹೆಸರುಗಳ ಗುಂಪಿನ) ಎರಡು ಗುಣಗಳನ್ನು ಸೇರಿಸಬೇಕು. ಲೊಕೇಟರ್ ಎಂಬುದಕ್ಕೆ ‘ಮ್ಯಾಚ್’ ಎಂದು ಬರೆದು ನೇಮ್ ಗುಣವನ್ನು ಸೂಚಿಸಿದರೆ, ಮೂಲ ಕಡತದಲ್ಲಿ ಅದೇ ಹೆಸರಿರುವ ಅಂಶವನ್ನು ಹುಡುಕು ಎಂದು ಹೇಳಿದಂತಾಗುತ್ತದೆ. ಟ್ರಾನ್ಸ್‌ಫಾರ್ಮ್ ಎಂಬುದಕ್ಕೆ ‘ಸೆಟ್‌ಆಟ್ರಿಬ್ಯೂಟ್ಸ್’ ಎಂದು ಬರೆದರೆ, ಸಿಕ್ಕ ಅಂಶದ ಗುಣಗಳನ್ನು ಇಲ್ಲಿರುವ ಮೌಲ್ಯಗಳಿಂದ ಬದಲಿಸು ಎಂದಾಗುತ್ತದೆ. ಇಡೀ ಅಂಶವನ್ನು ಬದಲಿಸಲು ರಿಪ್ಲೇಸ್, ಹೊಸದನ್ನು ಸೇರಿಸಲು ಇನ್ಸರ್ಟ್, ತೆಗೆದುಹಾಕಲು ರಿಮೂವ್ ಎಂಬ ಸೂಚನೆಗಳಿವೆ. ಕಲಿಯಲು ಒಂದು ಸಂಜೆ ಸಾಕಾಗುವಷ್ಟು ಚಿಕ್ಕ ಭಾಷೆ ಅದು.

ಆದರೆ ಮೊದಲ ಪ್ರಯೋಗದಲ್ಲಿ ಯಾವುದೂ ಬದಲಾಗಲಿಲ್ಲ. ಪಬ್ಲಿಷ್ (ಸರ್ವರ್‌ಗೆ ಹೋಗುವ ಪ್ರತಿಯನ್ನು ತಯಾರಿಸುವ ಕೆಲಸ) ಯಶಸ್ವಿಯಾಯಿತೆಂಬ ಸಂದೇಶ ಬಂದರೂ ಫೋಲ್ಡರ್‌ಗೆ ಬಂದ ವೆಬ್.ಕಾನ್ಫಿಗ್ ಮೂಲದ ಯಥಾಪ್ರತಿಯಾಗಿತ್ತು. ಔಟ್‌ಪುಟ್ ವಿಂಡೋವನ್ನು ಮೇಲಿನಿಂದ ಓದಿದಾಗ, ಮೂಲ ದಾಖಲೆಯಲ್ಲಿ ಹೊಂದುವ ಅಂಶ ಇಲ್ಲವೆಂಬ ಎಚ್ಚರಿಕೆಗಳು ಪ್ರತಿ ಸೂಚನೆಗೂ ಬಂದಿದ್ದುದು ಕಾಣಿಸಿತು. ಅಂಶಗಳು ಕಣ್ಣೆದುರಿಗೇ ಇದ್ದವು. ಕಾರಣ ಕಡತದ ಎರಡನೆಯ ಸಾಲಿನಲ್ಲಿತ್ತು: ಹಳೆಯ ಉಪಕರಣವೊಂದು ಎಂದೋ ಕಾನ್ಫಿಗರೇಶನ್ ಎಂಬ ಮೂಲ ಅಂಶಕ್ಕೆ ಡಾಟ್ ನೆಟ್ ಕಾನ್ಫಿಗರೇಶನ್ ಆವೃತ್ತಿ 2.0ರ ಎಕ್ಸ್‌ಎಂಎಲ್ ನೇಮ್‌ಸ್ಪೇಸ್ ಸೇರಿಸಿಬಿಟ್ಟಿತ್ತು. ಎಕ್ಸ್‌ಎಂಎಲ್‌ನ ನಿಯಮದಂತೆ ನೇಮ್‌ಸ್ಪೇಸ್ ಬೇರೆಯಾದರೆ ಒಂದೇ ಹೆಸರಿನ ಎರಡು ಅಂಶಗಳೂ ಬೇರೆ ಬೇರೆಯೇ. ಮೂಲ ಕಡತದಿಂದ ಆ ಒಂದು ಗುಣವನ್ನು ತೆಗೆದುಹಾಕಿದ ಮೇಲೆ ಎಲ್ಲವೂ ಹೊಂದಿಕೊಂಡವು. ಹಳೆಯ ಯೋಜನೆಗಳನ್ನು ವಹಿಸಿಕೊಂಡವರು ಇದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಈ ಪ್ರಸಂಗದಿಂದ ನನಗೆ ಮುಖ್ಯವೆನಿಸಿದ್ದು ಬೇರೊಂದು ಸಂಗತಿ. ಹೊಂದುವ ಅಂಶ ಸಿಗದಿರುವುದು ಇಲ್ಲಿ ದೋಷವಲ್ಲ, ಎಚ್ಚರಿಕೆ ಮಾತ್ರ. ಯಾರಾದರೂ ಮೂಲ ಕಡತದಲ್ಲಿ ಒಂದು ಕೀಲಿಯ ಹೆಸರನ್ನು ಬದಲಿಸಿದರೆ, ಅಥವಾ ಒಂದು ಇಂಗ್ಲಿಷ್ ಅಕ್ಷರವನ್ನು ದೊಡ್ಡದರಿಂದ ಚಿಕ್ಕದು ಮಾಡಿದರೂ, ರಿಲೀಸ್ ಕಡತದ ಸೂಚನೆ ಸದ್ದಿಲ್ಲದೆ ವ್ಯರ್ಥವಾಗುತ್ತದೆ, ಮತ್ತು ಅಭಿವೃದ್ಧಿಯ ಮೌಲ್ಯವೇ ಸರ್ವರ್‌ಗೆ ಹೋಗುತ್ತದೆ. ಆದ್ದರಿಂದ ಎರಡು ಕ್ರಮಗಳನ್ನು ಕಡ್ಡಾಯ ಮಾಡಿಕೊಂಡೆ. ಕಡತದ ಮೇಲೆ ಬಲ ಗುಂಡಿ ಒತ್ತಿದಾಗ ಸಿಗುವ ಪ್ರಿವ್ಯೂ ಟ್ರಾನ್ಸ್‌ಫಾರ್ಮ್ ಮೂಲಕ ಪ್ರತಿ ಬದಲಾವಣೆಯ ನಂತರ ಮೂಲವನ್ನೂ ಫಲಿತಾಂಶವನ್ನೂ ಕಣ್ಣಾರೆ ನೋಡುವುದು ಒಂದು. ಪಬ್ಲಿಷ್ ಆದ ಮೇಲೆ ಯೋಜನೆಯ ಆಬ್ಜ್ ಫೋಲ್ಡರ್‌ನೊಳಗೆ ಟ್ರಾನ್ಸ್‌ಫಾರ್ಮ್‌ವೆಬ್‌ಕಾನ್ಫಿಗ್ ಎಂಬಲ್ಲಿ ಉಳಿಯುವ ಬದಲಾದ ಕಡತವನ್ನು ಹಿಂದಿನ ಬಿಡುಗಡೆಯ ಕಡತದೊಂದಿಗೆ ಹೋಲಿಸಿ, ನಿರೀಕ್ಷಿಸಿದ ಸಾಲುಗಳು ಮಾತ್ರ ಬದಲಾಗಿವೆಯೇ ಎಂದು ನೋಡುವುದು ಇನ್ನೊಂದು.

ಟ್ರಾನ್ಸ್‌ಫಾರ್ಮ್ ನಡೆಯುವುದು ಪಬ್ಲಿಷ್ ಮಾಡುವಾಗ ಮಾತ್ರ. ವಿಷುವಲ್ ಸ್ಟುಡಿಯೋದಲ್ಲಿ ಎಫ್5 ಒತ್ತಿ ಓಡಿಸಿದರೆ, ಮೇಲೆ ರಿಲೀಸ್ ಎಂದು ಆರಿಸಿಕೊಂಡಿದ್ದರೂ, ಓದಲ್ಪಡುವುದು ಮೂಲ ವೆಬ್.ಕಾನ್ಫಿಗ್ ಕಡತವೇ. ಇದರಿಂದ ಎರಡು ನಿರ್ಧಾರಗಳು ತಾವಾಗಿಯೇ ಆದವು. ಮೂಲ ಕಡತದಲ್ಲಿ ಅಭಿವೃದ್ಧಿಯ ಮೌಲ್ಯಗಳೇ ಇರಬೇಕು, ಮತ್ತು ಅವು ಯಾರಿಗೂ ಹಾನಿ ಮಾಡದಂಥವಾಗಿರಬೇಕು. ವೆಬ್.ಡೀಬಗ್.ಕಾನ್ಫಿಗ್‌ನಲ್ಲಿ ನಾನು ಏನನ್ನೂ ಬರೆಯಲಿಲ್ಲ.

ಹಾನಿ ಮಾಡದ ಮೌಲ್ಯ ಎಂದರೆ ನನ್ನ ಮನಸ್ಸಿನಲ್ಲಿದ್ದುದು ಎಸ್‌ಎಂಎಸ್. ಇಲ್ಲಿ ತಪ್ಪಿದರೆ ಅದು ನಮ್ಮ ಕೋಣೆಯೊಳಗೆ ಉಳಿಯುವುದಿಲ್ಲ. ಅಭಿವೃದ್ಧಿಗಾಗಿ ಬಳಸುತ್ತಿದ್ದ ಡೇಟಾಬೇಸ್ ನಿಜವಾದ ಡೇಟಾಬೇಸಿನ ಹಳೆಯ ನಕಲಾಗಿತ್ತು, ಅದರಲ್ಲಿ ರೈತರ ನಿಜವಾದ ಮೊಬೈಲ್ ಸಂಖ್ಯೆಗಳಿದ್ದವು. ಪರೀಕ್ಷೆಗೆಂದು ಒಂದು ಪಟ್ಟಿಯನ್ನು ಉಳಿಸಿದರೆ, ಹೊಲದಲ್ಲಿರುವ ಒಬ್ಬರಿಗೆ ‘ನಿಮ್ಮ ಖಾತೆಗೆ ಇಷ್ಟು ಹಣ ಜಮೆಯಾಗಲಿದೆ’ ಎಂಬ ಸಂದೇಶ ಹೋಗಿಬಿಡಬಹುದಾಗಿತ್ತು. ಬೀಜ, ಗೊಬ್ಬರದ ಸಾಲವನ್ನು ಆ ಹಣದ ಮೇಲೆ ಲೆಕ್ಕ ಹಾಕುವ ಕುಟುಂಬಕ್ಕೆ ಅಂಥ ಸಂದೇಶ ಎಷ್ಟು ದೊಡ್ಡದೆಂಬುದು ಈ ಭಾಗದಲ್ಲಿ ಹುಟ್ಟಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಆದ್ದರಿಂದ ಮೊದಲಿಗೆ ಅಭಿವೃದ್ಧಿಯ ನಕಲಿನಲ್ಲಿದ್ದ ಸಂಖ್ಯೆಗಳನ್ನೆಲ್ಲ ಅಳಿಸಿದೆ. ಅನಂತರ ಕೋಡ್‌ನಲ್ಲಿ ಸಂದೇಶ ಕಳುಹಿಸುವ ಭಾಗವನ್ನು ಎರಡು ಬಗೆಯಾಗಿ ಮಾಡಿದೆ: ಒಂದು ಬಗೆ ಸಂದೇಶವನ್ನು ಕಡತಕ್ಕೆ ಬರೆದು ಸುಮ್ಮನಾಗುತ್ತದೆ, ಇನ್ನೊಂದು ಗೇಟ್‌ವೇಗೆ ಕಳುಹಿಸುತ್ತದೆ. ಮೂಲ ಕಾನ್ಫಿಗ್‌ನಲ್ಲಿ ಕಡತದ ಬಗೆ, ರಿಲೀಸ್‌ನಲ್ಲಿ ಗೇಟ್‌ವೇ. ಟ್ರಾನ್ಸ್‌ಫಾರ್ಮ್ ಕೈಕೊಟ್ಟರೂ ಸಂದೇಶ ಹೋಗದಿರಬಹುದೇ ಹೊರತು ತಪ್ಪು ಸಂದೇಶ ಹೋಗುವುದಿಲ್ಲ. ಇಮೇಲ್‌ಗೆ ಇಂಥದೇ ಅನುಕೂಲವನ್ನು ಡಾಟ್ ನೆಟ್ ತಾನೇ ಒದಗಿಸಿದೆ: ಎಸ್‌ಎಂಟಿಪಿ ಅಂಶದಲ್ಲಿ ಡೆಲಿವರಿ ವಿಧಾನವನ್ನು ನಿಗದಿತ ಪಿಕಪ್ ಫೋಲ್ಡರ್‌ಗೆ ಬದಲಿಸಿದರೆ ಪತ್ರಗಳು ಹೊರಗೆ ಹೋಗದೆ ಆ ಫೋಲ್ಡರ್‌ನಲ್ಲಿ ಬಂದು ಬೀಳುತ್ತವೆ.

ಕಡತಕ್ಕೆ ಬರೆಯುವುದರಿಂದ ಇನ್ನೊಂದು ಉಪಯೋಗವೂ ಆಯಿತು. ಯೂನಿಕೋಡ್ ಸಂದೇಶದ ಒಂದು ಭಾಗದಲ್ಲಿ 70 ಸಂಕೇತಗಳು ಮಾತ್ರ ಹಿಡಿಯುತ್ತವೆ, ಉದ್ದವಾಗಿ ಹಲವು ಭಾಗಗಳಾದರೆ ಪ್ರತಿ ಭಾಗಕ್ಕೆ 67. ಕನ್ನಡದಲ್ಲಿ ‘ಕ್ಷೇ’ ಎಂಬ ಒಂದು ಅಕ್ಷರಕ್ಕೇ ನಾಲ್ಕು ಸಂಕೇತಗಳು ಬೇಕು. ಪರೀಕ್ಷಾ ಕಡತದಲ್ಲಿ ಪ್ರತಿ ಸಂದೇಶದ ಪಕ್ಕದಲ್ಲಿ ಸಂಕೇತಗಳ ಎಣಿಕೆ ಬರುವಂತೆ ಮಾಡಿದ್ದರಿಂದ, ಎಸ್‌ಎಂಎಸ್ ಮಾದರಿಗಳನ್ನು ನೋಂದಾಯಿಸುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ಟೆಂಪ್ಲೇಟ್ ನೋಂದಾಯಿಸುವ ಮೊದಲೇ ಮಾತುಗಳನ್ನು ಬಿಗಿಗೊಳಿಸಲು ಸಾಧ್ಯವಾಯಿತು.

ಡೀಬಗ್ ಎಂಬ ಗುಣದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಜೊತೆಗೆ ಕೆಲಸ ಮಾಡುವವರಲ್ಲಿ ಗೊಂದಲ ಹೆಚ್ಚಾಗಿ ಕಂಡದ್ದು ಇಲ್ಲಿ. ವಿಷುವಲ್ ಸ್ಟುಡಿಯೋದಲ್ಲಿ ರಿಲೀಸ್ ಆರಿಸಿದರೆ ನಾವು ಬರೆದ ಸಿ ಶಾರ್ಪ್ ಕೋಡ್ ಸಂಕಲನವಾಗುವ (ಕಂಪೈಲ್ ಆಗುವ) ಬಗೆ ಬದಲಾಗುತ್ತದೆ. ವೆಬ್.ಕಾನ್ಫಿಗ್‌ನ ಕಂಪೈಲೇಶನ್ ಅಂಶದಲ್ಲಿರುವ ಡೀಬಗ್ ಗುಣ ಬೇರೆಯದು. ಸರ್ವರ್‌ನಲ್ಲಿ ಓಡುವಾಗ ಪುಟಗಳು ಹೇಗೆ ಸಂಕಲನವಾಗಬೇಕು, ಎಎಸ್‌ಪಿ ಡಾಟ್ ನೆಟ್ ಹೇಗೆ ವರ್ತಿಸಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ರಿಲೀಸ್ ಬಿಲ್ಡ್ ಮಾಡಿ ಡೀಬಗ್ ಗುಣವನ್ನು ಟ್ರೂ ಎಂದೇ ಬಿಟ್ಟರೆ ಅಪ್ಲಿಕೇಶನ್ ಅರ್ಧ ದಾರಿಯಲ್ಲಿ ನಿಂತಂತೆ. ಹೊಸ ಯೋಜನೆಯೊಂದಿಗೆ ಬರುವ ವೆಬ್.ರಿಲೀಸ್.ಕಾನ್ಫಿಗ್‌ನಲ್ಲಿ ಈ ಗುಣವನ್ನು ತೆಗೆದುಹಾಕುವ ಸೂಚನೆ ಮೊದಲೇ ಇರುತ್ತದೆ. ಹಳೆಯ ಯೋಜನೆಗೆ ನಾವೇ ಬರೆಯಬೇಕು.

ಆ ಸೂಚನೆಯನ್ನು ಬರೆದು ಪರೀಕ್ಷಾ ಸರ್ವರ್‌ಗೆ ಕಳುಹಿಸಿದಾಗ, ಡೀಬಗ್ ಮರೆಮಾಡಿದ್ದ ಎರಡು ಸಂಗತಿಗಳು ಹೊರಬಿದ್ದವು. ಇಡೀ ಹಂಗಾಮಿನ ಖರೀದಿಯನ್ನು ಊರುವಾರು, ತಳಿವಾರು ಕೂಡಿಸುವ ವರದಿ ಅರ್ಧಕ್ಕೆ ನಿಂತಿತು. ಒಂದು ಕೋರಿಕೆಗೆ ಎಎಸ್‌ಪಿ ಡಾಟ್ ನೆಟ್ ಕೊಡುವ ಸಹಜ ಕಾಲಮಿತಿ 110 ಸೆಕೆಂಡುಗಳು, ಮತ್ತು ಆ ಮಿತಿ ಅನ್ವಯವಾಗುವುದು ಡೀಬಗ್ ಆರಿದ್ದಾಗ ಮಾತ್ರ. ನನ್ನ ಗಣಕದಲ್ಲಿ ಎಷ್ಟು ಹೊತ್ತಾದರೂ ಮುಗಿಯುತ್ತಿದ್ದ ವರದಿ ಅಲ್ಲಿ ಮುಗಿಯಲಿಲ್ಲ. ಕಾಲಮಿತಿಯನ್ನು ಹೆಚ್ಚಿಸುವುದು ಸುಲಭವಿತ್ತು. ಹಾಗೆ ಮಾಡದೆ ಡೇಟಾಬೇಸ್‌ಗೆ ಒಂದು ಇಂಡೆಕ್ಸ್ (ಹುಡುಕಾಟದ ಸೂಚಿ) ಸೇರಿಸಿ ವರದಿಯನ್ನೇ ಚುರುಕುಗೊಳಿಸಿದೆ. ಎರಡನೆಯದು ಕನ್ನಡದ ಫಾಂಟ್. ಡೀಬಗ್ ಆರಿದಾಗ ಪುಟದ ವಿನ್ಯಾಸವನ್ನು ಹೇಳುವ ಸಿಎಸ್‌ಎಸ್ ಕಡತಗಳು ಒಂದೇ ಬಂಡಲ್ (ಕಟ್ಟು) ಆಗಿ ಬೇರೊಂದು ವಿಳಾಸದಿಂದ ಬರುತ್ತವೆ. ಫಾಂಟ್ ಕಡತದ ದಾರಿಯನ್ನು ಸಿಎಸ್‌ಎಸ್‌ಗೆ ಸಾಪೇಕ್ಷವಾಗಿ ಬರೆದಿದ್ದುದರಿಂದ ಬ್ರೌಸರ್ ಅದನ್ನು ಇಲ್ಲದ ಜಾಗದಲ್ಲಿ ಹುಡುಕತೊಡಗಿತು, ಪಟ್ಟಿಯ ಮುದ್ರಣದಲ್ಲಿ ನೋಟೊ ಸಾನ್ಸ್ ಕನ್ನಡದ ಬದಲು ಗಣಕದಲ್ಲಿದ್ದ ಯಾವುದೋ ಫಾಂಟ್ ಬಂದು ಸಾಲುಗಳು ಕಾಗದದ ಅಂಚು ದಾಟಿದವು. ಬಂಡಲ್ ಮಾಡುವಾಗ ವಿಳಾಸಗಳನ್ನು ತಿದ್ದಿ ಬರೆಯುವ ಟ್ರಾನ್ಸ್‌ಫಾರ್ಮನ್ನು ಕೋಡ್‌ನಲ್ಲಿ ಸೇರಿಸಿ ಇದನ್ನು ಸರಿಪಡಿಸಿದೆ. ಡೀಬಗ್ ಆಫ್ ಮಾಡಿದ ಸ್ಥಿತಿಯಲ್ಲಿ ಪರೀಕ್ಷಿಸದ ಅಪ್ಲಿಕೇಶನನ್ನು ಪರೀಕ್ಷಿಸಿದ ಅಪ್ಲಿಕೇಶನ್ ಎಂದು ನಾನು ಈಗ ಒಪ್ಪುವುದಿಲ್ಲ.

ಉಳಿದವು ಸುಗಮವಾಗಿ ಸಾಗಿದವು. ದೋಷ ಬಂದಾಗ ಒಳಗಿನ ವಿವರಗಳನ್ನು ಹೊರಗಿನವರಿಗೆ ತೋರಿಸದಂತೆ ಕಸ್ಟಮ್ ಎರರ್ಸ್ ಅನ್ನು ಆನ್ ಮಾಡುವುದು, ಕುಕಿಗಳು ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಹೋಗುವಂತೆ ಮಾಡುವುದು, ಒಳಗಿನ ಹೆಜ್ಜೆಗಳನ್ನು ದಾಖಲಿಸುವ ಟ್ರೇಸನ್ನು ಆಫ್ ಮಾಡುವುದು, ಇವೆಲ್ಲ ರಿಲೀಸ್ ಕಡತದಲ್ಲಿ ಒಂದೊಂದು ಸಾಲಾದವು.

ಸಿಂಧನೂರಿನ ಇನ್ನೊಂದು ಗಿರಣಿಯವರು ಇದೇ ಅಪ್ಲಿಕೇಶನ್ ಬೇಕೆಂದು ಕೇಳಿದಾಗ ಈ ವ್ಯವಸ್ಥೆಯ ಮಿತಿ ತಿಳಿಯಿತು. ಗಂಗಾವತಿಗೂ ರಿಲೀಸ್ ಬಿಲ್ಡ್ ಬೇಕು, ಸಿಂಧನೂರಿಗೂ ರಿಲೀಸ್ ಬಿಲ್ಡ್ ಬೇಕು, ನಮ್ಮ ಪರೀಕ್ಷಾ ಸರ್ವರ್‌ಗೂ ರಿಲೀಸ್ ಬಿಲ್ಡೇ ಬೇಕು, ಆದರೆ ಮೂರರ ಡೇಟಾಬೇಸ್ ಬೇರೆ. ರಿಲೀಸ್ ಎಂಬುದು ಸಂಕಲನದ ಒಂದು ಬಗೆ, ಅದು ಜಾಗದ ಗುರುತಲ್ಲ. ಪ್ರತಿ ಜಾಗಕ್ಕೂ ಹೊಸ ಬಿಲ್ಡ್ ಸಂರಚನೆ ಹುಟ್ಟಿಸುವ ದಾರಿಯೂ ಇತ್ತು, ಅದನ್ನು ನಾನು ಹಿಡಿಯಲಿಲ್ಲ. ಅದರಿಂದ ಒಂದೇ ಕೋಡ್ ಮೂರು ಬಾರಿ ಸಂಕಲನವಾಗಿ, ಪರೀಕ್ಷಿಸಿದ ಪ್ರತಿ ಒಂದು, ಗಿರಣಿಗೆ ಹೋಗುವ ಪ್ರತಿ ಇನ್ನೊಂದು ಎಂಬಂತಾಗುತ್ತದೆ. ಬದಲಿಗೆ ಎಲ್ಲಿಗೆ, ಹೇಗೆ ಪಬ್ಲಿಷ್ ಮಾಡಬೇಕೆಂದು ಹೇಳುವ ಪಬ್ಲಿಷ್ ಪ್ರೊಫೈಲ್‌ಗಳನ್ನು ಮಾಡಿ, ಪ್ರೊಫೈಲ್‌ನ ಹೆಸರಿನ ಟ್ರಾನ್ಸ್‌ಫಾರ್ಮ್ ಕಡತವನ್ನು ಪ್ರತಿಯೊಂದಕ್ಕೂ ಸೇರಿಸಿದೆ. ಪಬ್ಲಿಷ್ ಆಗುವಾಗ ಮೊದಲು ರಿಲೀಸ್‌ನ ಬದಲಾವಣೆಗಳು, ಅದರ ಮೇಲೆ ಪ್ರೊಫೈಲ್‌ನ ಬದಲಾವಣೆಗಳು ಅನ್ವಯವಾಗುತ್ತವೆ. ಡೀಬಗ್, ಕುಕಿ, ದೋಷಪುಟದಂಥ ಎಲ್ಲ ಬಿಡುಗಡೆಗಳಿಗೂ ಸಮಾನವಾದವು ರಿಲೀಸ್ ಕಡತದಲ್ಲಿ ಉಳಿದವು. ಊರಿನಿಂದ ಊರಿಗೆ ಬದಲಾಗುವವು ಪ್ರೊಫೈಲ್‌ಗೆ ಹೋದವು. ಪರಿಸರದ (ಅಪ್ಲಿಕೇಶನ್ ಓಡುವ ಜಾಗದ) ಹೆಸರನ್ನೂ ಒಂದು ಸೆಟ್ಟಿಂಗ್ ಮಾಡಿ, ಪರೀಕ್ಷಾ ಸರ್ವರ್‌ನ ಪ್ರತಿ ಪುಟದ ಮೇಲ್ಭಾಗದಲ್ಲಿ ‘ಪರೀಕ್ಷಾ ಪ್ರತಿ’ ಎಂಬ ಹಳದಿ ಪಟ್ಟಿ ಬರುವಂತೆ ಮಾಡಿದ್ದು ಗುಮಾಸ್ತರಿಗೆ ಬಹಳ ಹಿಡಿಸಿತು. ತರಬೇತಿಯ ಸಮಯದಲ್ಲಿ ಅವರು ಅಳುಕಿಲ್ಲದೆ ಗುಂಡಿಗಳನ್ನು ಒತ್ತತೊಡಗಿದ್ದು ಆ ಪಟ್ಟಿ ಬಂದ ಮೇಲೆಯೇ.

ಆದರೆ ಡೇಟಾಬೇಸ್‌ನ ಪಾಸ್‌ವರ್ಡ್‌ಗಳು ಈ ಕಡತಗಳಲ್ಲಿ ಇದ್ದುಕೊಂಡು ಮೂಲ ಕೋಡ್‌ನ ಭಂಡಾರದಲ್ಲಿ ಸೇರುತ್ತಿದ್ದುದು ನನಗೆ ಸರಿಕಾಣಲಿಲ್ಲ. ಟ್ರಾನ್ಸ್‌ಫಾರ್ಮ್ ವ್ಯತ್ಯಾಸಗಳನ್ನು ನಿಭಾಯಿಸುತ್ತದೆ, ಗುಟ್ಟುಗಳನ್ನು ಕಾಯುವುದಿಲ್ಲ. ಕನೆಕ್ಷನ್ ಸ್ಟ್ರಿಂಗ್ಸ್ ವಿಭಾಗಕ್ಕೆ ಕಾನ್ಫಿಗ್ ಸೋರ್ಸ್ ಎಂಬ ಗುಣ ಕೊಟ್ಟು, ಅದರ ಒಳಗಿನದನ್ನೆಲ್ಲ ಸರ್ವರ್‌ನಲ್ಲಿ ಮಾತ್ರ ಇರುವ ಬೇರೆ ಕಡತಕ್ಕೆ ಸಾಗಿಸಿದೆ. ಆ ಕಡತ ಅಪ್ಲಿಕೇಶನ್ ಫೋಲ್ಡರ್‌ನ ಒಳಗೇ ಇರಬೇಕೆಂಬ ನಿಯಮವಿದೆ. ಆದ್ದರಿಂದ ಪಬ್ಲಿಷ್ ಪ್ರೊಫೈಲ್‌ನಲ್ಲಿ ಸರ್ವರ್‌ನ ಹೆಚ್ಚುವರಿ ಕಡತಗಳನ್ನು ಅಳಿಸುವ ಆಯ್ಕೆಯನ್ನು ಆರಿಸದೆ ಬಿಡುವುದು ಬಹಳ ಮುಖ್ಯ, ಇಲ್ಲವಾದರೆ ಹೊಸ ಆವೃತ್ತಿ ಹೋಗುವಾಗ ಪಾಸ್‌ವರ್ಡ್‌ನ ಕಡತವೂ ಹೋಗಿಬಿಡುತ್ತದೆ. ಆಮೇಲೆ ಆ ವಿಭಾಗವನ್ನು ಎಎಸ್‌ಪಿನೆಟ್ ರೆಗ್‌ಐಐಎಸ್ ಉಪಕರಣದಿಂದ ಸರ್ವರ್‌ನಲ್ಲಿಯೇ ಗೂಢಲಿಪೀಕರಿಸಿದೆ. ಅದರ ಕೀಲಿ ಆಯಾ ಗಣಕಕ್ಕೆ ಸೇರಿದ್ದಾದ್ದರಿಂದ ಕಡತವನ್ನು ಬೇರೆಡೆಗೆ ಒಯ್ದರೆ ಅದು ತೆರೆಯುವುದಿಲ್ಲ. ಸರ್ವರ್ ಬದಲಿಸುವ ದಿನಕ್ಕಾಗಿ ಪಾಸ್‌ವರ್ಡನ್ನು ಗಿರಣಿಯ ಮಾಲೀಕರು ಬೇರೆ ಕಡೆ ಭದ್ರವಾಗಿ ಇಟ್ಟುಕೊಂಡಿದ್ದಾರೆ.

ಅಪ್ಲಿಕೇಶನನ್ನು ಹೊಸ ಪೀಳಿಗೆಯ ಎಎಸ್‌ಪಿ ಡಾಟ್ ನೆಟ್ ಕೋರ್‌ಗೆ ಬದಲಿಸಿದಾಗ ಈ ವಿಚಾರವೆಲ್ಲ ಹೊಸ ರೂಪ ಪಡೆಯಿತು. ಅಲ್ಲಿ ಆಪ್‌ಸೆಟ್ಟಿಂಗ್ಸ್.ಜೇಸನ್ ಮೂಲ ಕಡತ. ಪರಿಸರದ ಹೆಸರು ಸೇರಿದ ಇನ್ನೊಂದು ಜೇಸನ್ ಕಡತ ಅದರ ಮೇಲೆ ಕೂರುತ್ತದೆ. ಆಪರೇಟಿಂಗ್ ಸಿಸ್ಟಂನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು (ಅದರಲ್ಲಿ ಹೆಸರಿಟ್ಟು ಉಳಿಸುವ ಮೌಲ್ಯಗಳು) ಎರಡನ್ನೂ ಮೀರುತ್ತವೆ. ಯಾವ ಪರಿಸರ ಎಂಬುದು ಬಿಲ್ಡ್ ಮಾಡುವಾಗ ನಿರ್ಧಾರವಾಗುವುದಿಲ್ಲ, ಓಡಲು ಆರಂಭಿಸುವಾಗ ಆಗುತ್ತದೆ. ಪರಿಸರವನ್ನು ಯಾರೂ ಹೇಳದಿದ್ದರೆ ಅದು ಪ್ರೊಡಕ್ಷನ್ (ನಿಜವಾದ ಬಳಕೆಯ ಜಾಗ) ಎಂದೇ ಭಾವಿಸುತ್ತದೆ, ಅಂದರೆ ಮರೆತ ಸರ್ವರ್‌ನಲ್ಲಿ ಒಳಗಿನ ದೋಷವಿವರಗಳು ಹೊರಗೆ ಕಾಣುವುದಿಲ್ಲ. ಆ ಕ್ರಮ ನನಗೆ ಬಹಳ ಮೆಚ್ಚುಗೆಯಾಯಿತು. ಆದರೆ ಅದೇ ಕಾರಣಕ್ಕೆ ಎಸ್‌ಎಂಎಸ್‌ನ ಮೌಲ್ಯವನ್ನು ಮೂಲ ಜೇಸನ್‌ನಲ್ಲಿ ಕಡತದ ಬಗೆಯಾಗಿಯೇ ಉಳಿಸಿಕೊಂಡು, ಗೇಟ್‌ವೇಯನ್ನು ಆಯಾ ಸರ್ವರ್‌ನ ವೇರಿಯಬಲ್‌ನಲ್ಲಿ ಮಾತ್ರ ಕೊಟ್ಟಿದ್ದೇನೆ. ವಿಭಾಗದ ಒಳಗಿನ ಕೀಲಿಯನ್ನು ವೇರಿಯಬಲ್‌ನಲ್ಲಿ ಬರೆಯುವಾಗ ಕೋಲನ್ ಚಿಹ್ನೆಯ ಜಾಗದಲ್ಲಿ ಎರಡು ಅಡಿಗೆರೆ ಹಾಕಬೇಕು. ನನ್ನ ಗಣಕದ ಪಾಸ್‌ವರ್ಡ್‌ಗಳು ಯೂಸರ್ ಸೀಕ್ರೆಟ್ಸ್‌ನಲ್ಲಿ, ಯೋಜನೆಯ ಫೋಲ್ಡರ್‌ನ ಹೊರಗೆ ಇವೆ.

ಇಲ್ಲಿಯೂ ಒಂದು ವಿಷಯವನ್ನು ಗಮನಿಸಬೇಕಾಯಿತು. ಜೇಸನ್ ಕಡತಗಳು ಒಂದರ ಮೇಲೊಂದು ಕೂರುವಾಗ ಪಟ್ಟಿಗಳು ಇಡಿಯಾಗಿ ಬದಲಾಗುವುದಿಲ್ಲ, ಕ್ರಮಸಂಖ್ಯೆಯ ಪ್ರಕಾರ ಒಂದೊಂದೇ ಬದಲಾಗುತ್ತವೆ. ದಿನದ ವರದಿ ಯಾರಿಗೆ ಹೋಗಬೇಕೆಂಬ ಇಮೇಲ್ ಪಟ್ಟಿಯಲ್ಲಿ ಮೂಲ ಕಡತದಲ್ಲಿ ಮೂರು ವಿಳಾಸಗಳಿದ್ದು, ಸರ್ವರ್‌ನ ಕಡತದಲ್ಲಿ ಒಂದೇ ಇದ್ದರೆ, ಮೊದಲನೆಯದು ಮಾತ್ರ ಬದಲಾಗಿ ಉಳಿದೆರಡು ಹಾಗೆಯೇ ಉಳಿಯುತ್ತವೆ. ಗಿರಣಿಯ ಖರೀದಿ ದರ ಸಂಬಂಧವಿಲ್ಲದವರ ಕೈ ಸೇರಬಾರದಾದ್ದರಿಂದ, ಮೂಲ ಕಡತದಲ್ಲಿ ಇಂಥ ಪಟ್ಟಿಗಳನ್ನೇ ಇಡದೆ ಪ್ರತಿ ಪರಿಸರದ ಕಡತದಲ್ಲಿಯೂ ಪೂರ್ತಿಯಾಗಿ ಬರೆದಿದ್ದೇನೆ. ಅಪ್ಲಿಕೇಶನ್ ಆರಂಭವಾಗುವಾಗ ಅಗತ್ಯ ಕೀಲಿಗಳೆಲ್ಲ ಇವೆಯೇ ಎಂದು ಪರಿಶೀಲಿಸಿ, ಒಂದು ಇಲ್ಲದಿದ್ದರೂ ಅದರ ಹೆಸರನ್ನು ಲಾಗ್‌ನಲ್ಲಿ ಬರೆದು ನಿಲ್ಲುವಂತೆ ಮಾಡಿದ್ದೇನೆ.

ಈಗ ಒಮ್ಮೆ ಪಬ್ಲಿಷ್ ಮಾಡಿದ ಫೋಲ್ಡರ್ ಮೊದಲು ಪರೀಕ್ಷಾ ಸರ್ವರ್‌ಗೆ ಹೋಗಿ, ಅಲ್ಲಿ ಒಪ್ಪಿಗೆಯಾದ ಮೇಲೆ ಅದೇ ಫೋಲ್ಡರ್ ಗಂಗಾವತಿಗೆ ಹೋಗುತ್ತದೆ. ಸಿಂಧನೂರಿನ ಸರ್ವರ್ ಇನ್ನೂ ಹಳೆಯ ಫ್ರೇಮ್‌ವರ್ಕ್ ಆವೃತ್ತಿಯಲ್ಲಿಯೇ ಇರುವುದರಿಂದ ಅದರ ಪಬ್ಲಿಷ್ ಪ್ರೊಫೈಲನ್ನೂ ಟ್ರಾನ್ಸ್‌ಫಾರ್ಮ್ ಕಡತವನ್ನೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಬೇಸಿಗೆ ಬೆಳೆಯ ಆವಕ ಇಳಿದು ವೇಬ್ರಿಡ್ಜ್ ಬಿಡುವಾದ ಮೇಲೆ ಅದನ್ನೂ ಬದಲಿಸುವುದೆಂದು ಅಲ್ಲಿನವರೊಂದಿಗೆ ಮಾತಾಗಿದೆ.